ನೆರೆಯವನು ಮರವನ್ನು ಪ್ರೀತಿಸುತ್ತಾನೆ

ಮರ್ಲ್ ಸ್ಟಾಡರ್ಡನಿಗೆ ಕೋಪ ಬರಲು ಕಾರಣ ಬೇಕಿರಲಿಲ್ಲ. ಮೊದಲು ಕೋಪ ಬರುತ್ತಿತ್ತು, ಆಮೇಲೆ ಕಾಫಿ ಕುಡಿಯುತ್ತ ಕಾರಣ ಹುಡುಕಿಕೊಳ್ಳುತ್ತಿದ್ದ. ಶಾಲಾ ಬಸ್ಸುಗಳ ಮೆಕ್ಯಾನಿಕ್ಕಾಗಿ ಮೂವತ್ತೆಂಟು ವರ್ಷ ದುಡಿದವನು. ನಿವೃತ್ತನಾದ ಮೇಲೆ ಬೈಯಲು ಬಸ್ಸುಗಳೂ ಇಲ್ಲದೆ, ಅವನ ಸಿಟ್ಟೆಲ್ಲ ಪಶ್ಚಿಮ ಪೆನ್ಸಿಲ್ವೇನಿಯಾದ ಕಾಪರ್ ಹಾಲೋ ಎಂಬ ಆ ಪುಟ್ಟ ಟೌನ್‌ಶಿಪ್ಪಿನ ಮೇಲೆ ಹರಿಯತೊಡಗಿತ್ತು. ಟಪಾಲಿನವನು, ಹವಾಮಾನ ಹೇಳುವವನು, ಚರ್ಚಿನಲ್ಲಿ ಉದ್ದ ಪ್ರಾರ್ಥನೆ ಮಾಡುವವರು, ಯಾರೂ ತಪ್ಪಿಸಿಕೊಂಡಿರಲಿಲ್ಲ.

ಆ ವರ್ಷ ಮಾತ್ರ, ನ್ಯಾಯವಾಗಿ ಹೇಳಬೇಕೆಂದರೆ, ಅವನಿಗೆ ಎರಡು ಗಟ್ಟಿ ಕಾರಣಗಳಿದ್ದವು.

ಮೊದಲನೆಯದು ಬೀಗರು. ಮೇ ತಿಂಗಳಲ್ಲಿ ಮಗನ ಮದುವೆಯ ಊಟಕ್ಕೆ ಕೂತಾಗ ಹೆಣ್ಣಿನ ತಂದೆ ಡಾಕ್ಟರ್ ವಿಟೇಕರ್ ಗ್ಲಾಸು ಎತ್ತಿ, ಲ್ಯಾಟಿನ್ನಿನಲ್ಲಿ ಒಂದು ಸಾಲು ಹೇಳಿದರು. ಅವರ ಕಡೆಯವರೆಲ್ಲ ನಕ್ಕರು. ಮರ್ಲ್‌ಗೆ ಒಂದಕ್ಷರ ಅರ್ಥವಾಗಲಿಲ್ಲ. ಆದರೂ ಗಂಡಿನ ತಂದೆ ನಗದಿದ್ದರೆ ಚೆನ್ನಾಗಿರುವುದಿಲ್ಲವೆಂದು ನಕ್ಕ. ಅಷ್ಟು ಹೊತ್ತಿಗೆ ಎಲ್ಲರೂ ನಕ್ಕು ಮುಗಿಸಿದ್ದರು. ಇನ್ನೂರು ಜನರ ಮುಂದೆ ಆ ನಗು ಒಂಟಿಯಾಗಿ ಹೋಗಿ ಕೇಕಿಗೆ ಬಡಿದು ವಾಪಸು ಬಂತು. ಡಾಕ್ಟರು ಅವನತ್ತ ತಿರುಗಿ ಸಣ್ಣ ಮಗುವನ್ನು ನೋಡುವ ಹಾಗೆ ನೋಡಿ ತಲೆಯಾಡಿಸಿದರು. ಆ ತಲೆಯಾಡಿಸಿದ್ದನ್ನು ಮರ್ಲ್ ಮರೆಯಲಿಲ್ಲ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಬೀಗರು ತನ್ನ ಮನೆಗೇ ಬರುವವರಿದ್ದರು. ಅವತ್ತು ತನ್ನದೇ ಟರ್ಕಿ ಕೋಳಿಯ ಮುಂದೆ ನಿಂತು ಲ್ಯಾಟಿನ್ನಿನಲ್ಲೇ ಉತ್ತರ ಕೊಡುತ್ತೇನೆಂದು ಅಂದೇ ಹಲ್ಲು ಕಡಿದು ನಿರ್ಧರಿಸಿದ.

ಎರಡನೆಯ ಕಾರಣ ಪಕ್ಕದ ಮನೆಯ ಗಸ್ ಪವೆಲ್ಕ. ಮರ್ಲ್‌ನ ಮನೆ ಮುಂದೆ, ರಸ್ತೆಯ ಅಂಚಿಗೆ, ಒಂದು ದೊಡ್ಡ ಅಕ್ರೋಟಿನ ಮರ. ಉಕ್ಕಿನ ಕಾರ್ಖಾನೆ ಮುಚ್ಚಿದ ವರ್ಷ ಅವನ ತಾಯಿ ಕಾಫಿ ಡಬ್ಬದಲ್ಲಿ ಬೀಜ ಊರಿ ಬೆಳೆಸಿದ ಮರ ಅದು. ಮರ್ಲ್ ಈ ಲೋಕದಲ್ಲಿ ಬೈಯದೆ ಬಿಟ್ಟಿದ್ದು ಅದನ್ನೊಂದೇ. ಶರತ್ಕಾಲ ಬಂತೆಂದರೆ ಅದರ ಹಸಿರು ಸಿಪ್ಪೆಯ ಕಾಯಿಗಳು ಗಸ್‌ನ ಕಾರು ನಿಲ್ಲಿಸುವ ತಗಡಿನ ಚಪ್ಪರದ ಮೇಲೆ ಢಂ ಢಂ ಎಂದು ಉದುರುತ್ತಿದ್ದವು. ಗಸ್ ಒಂದೊಂದನ್ನೂ ಎಣಿಸುತ್ತಿದ್ದ. ಹನ್ನೊಂದು ವರ್ಷ ಎಣಿಸಿ, ಹನ್ನೊಂದು ವರ್ಷವೂ ಬೇಲಿಯ ಬಳಿ ನಿಂತು ಕಿರುಚಿ, ಕೊನೆಗೆ ಆ ಆಗಸ್ಟಿನಲ್ಲಿ ಅಗ್ನಿಶಾಮಕದವರ ಹಾಲ್‌ನಲ್ಲಿ ಮೀನೂಟದ ದಿನ ಎಲ್ಲರ ಮುಂದೆ ಹೇಳಿಬಿಟ್ಟ.

"ನಾನು ಈ ಸಲ ಸೂಪರ್‌ವೈಸರ್ ಸ್ಥಾನಕ್ಕೆ ನಿಂತಿದೀನಿ. ಗೆದ್ದ ಮೊದಲ ದಿನವೇ ರಸ್ತೆ ಚರಂಡಿ ಅಗಲ ಮಾಡಿಸ್ತೀನಿ. ಆ ಮರ ಇರೋ ಜಾಗದಲ್ಲೇ ಚರಂಡಿ ಹೋಗುತ್ತೆ. ಕೇಳಿಸ್ತಾ ಮರ್ಲ್?"

ಟೌನ್‌ಶಿಪ್ಪಿನ ಆಡಳಿತ ನಡೆಸುವವರು ಮೂವರು ಸೂಪರ್‌ವೈಸರುಗಳು. ಈಗಿದ್ದ ಇಬ್ಬರಲ್ಲಿ ಒಬ್ಬ ಮರ ಕಡಿಯಲಿ ಎನ್ನುವವನು, ಇನ್ನೊಬ್ಬ ಬೇಡ ಎನ್ನುವವನು. ಮೂರನೆಯ ಸ್ಥಾನಕ್ಕೆ ನಿಂತಿದ್ದವನು ಗಸ್ ಒಬ್ಬನೇ. ಮರ್ಲ್ ತಾನೇ ನಿಲ್ಲುವ ಹಾಗೂ ಇರಲಿಲ್ಲ. ಹಿಂದೊಮ್ಮೆ ನಿಂತು ಒಂಬತ್ತು ವೋಟು ತೆಗೆದುಕೊಂಡಿದ್ದ, ಆ ಒಂಬತ್ತು ಯಾರವೆಂದು ಇಂದಿಗೂ ವಿಚಾರಿಸುತ್ತಿದ್ದ. ಆ ಮೀನೂಟದ ದಿನದಿಂದ ಗಸ್ ಮರ್ಲ್‌ನ ಹುಲ್ಲಿನ ಮೇಲೆ ಕಾಲಿಡುವುದಿಲ್ಲವೆಂದು ಆಣೆ ಮಾಡಿದ. ಮರ್ಲ್ ಗಸ್‌ನ ಹೆಸರೆತ್ತುವುದಿಲ್ಲವೆಂದು ಆಣೆ ಮಾಡಿ, ಒಂದು ತಾಸಿನೊಳಗೆ ನಲವತ್ತು ಸಲ ಎತ್ತಿದ.

ಲ್ಯಾಟಿನ್ ತರಗತಿ ನಡೆಯುತ್ತಿದ್ದುದು ಹನ್ನೆರಡು ಮೈಲಿ ದೂರದ ಕೌಂಟಿ ಪೇಟೆಯ ಲೈಬ್ರರಿಯಲ್ಲಿ, ಮಂಗಳವಾರ ಸಂಜೆ. ಮರ್ಲ್ ಹೆಂಡತಿ ಲೊರೆಟಾಗೆ ಬೌಲಿಂಗ್ ಆಡಲು ಹೋಗುತ್ತೇನೆಂದು ಹೇಳಿದ. ಅರವತ್ತೇಳನೆಯ ವಯಸ್ಸಿನಲ್ಲಿ ಪಾಠ ಕಲಿಯುತ್ತಿದ್ದಾನೆಂದು ಊರಿಗೆ ಗೊತ್ತಾದರೆ ಟ್ರೂಡಿಯ ಹೋಟೆಲಿನಲ್ಲಿ ಮತ್ತೆ ಮೊಟ್ಟೆ ತಿನ್ನಲು ಮುಖವಿರುವುದಿಲ್ಲ. ತರಗತಿಯಲ್ಲಿ ಇದ್ದವರು ಮೂವರು. ಒಬ್ಬ ನಿದ್ದೆ ಮಾಡುತ್ತಿದ್ದ, ಇನ್ನೊಬ್ಬಳು ಮನೆಯ ಹೀಟರ್ ಕೆಟ್ಟಿದ್ದರಿಂದ ಬರುತ್ತಿದ್ದಳು, ಮೂರನೆಯವನು ನಮ್ಮ ಮರ್ಲ್. ಪಾಠ ಹೇಳುವ ಮಿಸ್ ಆಶ್‌ಬಿಗೆ ಎಪ್ಪತ್ತೊಂಬತ್ತು ವರ್ಷ. ಕೈಯಲ್ಲಿ ಸೀಮೆಸುಣ್ಣವಿಲ್ಲದಿದ್ದರೂ ಇದೆಯೆಂಬಂತೆ ಬೆರಳು ಹಿಡಿಯುತ್ತಿದ್ದರು.

"ಒಂದು ನಾಮಪದ, ನಾಲ್ಕು ವಾಕ್ಯ. ಅದರ ಜೊತೆ ಒಂದು ತಿಂಗಳು ಸಂಸಾರ ಮಾಡಿ, ಆಮೇಲೆ ಮುಂದಿನದು," ಎಂದರು ಮಿಸ್. "ಇವತ್ತಿನ ಪದ ವಿಕೀನುಸ್. ಅಂದರೆ ನೆರೆಯವನು."

"ಬೇರೆ ಪದ ಇಲ್ವಾ ಮಿಸ್?" ಎಂದ ಮರ್ಲ್.

"ಯಾಕೆ, ನಿಮಗೆ ನೆರೆಯವರು ಇಲ್ವಾ?"

"ಇದಾನೆ. ಅದೇ ತೊಂದರೆ."

"ಹಾಗಾದರೆ ಬೇಗ ಬಾಯಿಗೆ ಬರುತ್ತೆ. ಮನೆ ಸುತ್ತ ಏನೇನಿದೆ ಹೇಳಿ."

ಮರ್ಲ್ ಹೇಳಿದ. ಮರ ಇದೆ, ಕಾಯಿ ಇದೆ, ಕಿರುಚಾಟ ಇದೆ. ಮಿಸ್ ಒಂದೊಂದನ್ನೂ ಮುತ್ತಿನಂಥ ಅಕ್ಷರದಲ್ಲಿ ವಾಕ್ಯ ಮಾಡಿ ಕೊಟ್ಟರು. ವಿಕೀನುಸ್ ಬೋನುಸ್ ಎಸ್ತ್, ನೆರೆಯವನು ಒಳ್ಳೆಯವನು. ವಿಕೀನುಸ್ ಆರ್ಬೊರೆಮ್ ಆಮತ್, ನೆರೆಯವನು ಮರವನ್ನು ಪ್ರೀತಿಸುತ್ತಾನೆ. ವಿಕೀನುಸ್ ನುಕೇಸ್ ಕೊಲ್ಲಿಗಿತ್, ನೆರೆಯವನು ಕಾಯಿಗಳನ್ನು ಆರಿಸುತ್ತಾನೆ. ವಿಕೀನುಸ್ ನೋನ್ ಕ್ಲಾಮತ್, ನೆರೆಯವನು ಕಿರುಚುವುದಿಲ್ಲ.

ಮರ್ಲ್ ಓದಿ ಕೆಂಪಗಾದ. "ಇದರಲ್ಲಿ ಒಂದೂ ನಿಜ ಅಲ್ಲ ಮಿಸ್. ಸುಳ್ಳು ಕಲೀಬೇಕಾ ನಾನು?"

"ಪಾಠದಲ್ಲಿ ಸುಳ್ಳು ಅಂತ ಇರಲ್ಲ ಸ್ಟಾಡರ್ಡ್ ಅವರೇ, ತಪ್ಪು ಅಂತ ಮಾತ್ರ ಇರುತ್ತೆ," ಎಂದರು ಮಿಸ್. "ದಿನಾ ಕಣ್ಣಿಗೆ ಬೀಳೋ ಕಡೆ ದೊಡ್ಡದಾಗಿ ಬರೆದು ಇಟ್ಕೊಳ್ಳಿ."

ಇಲ್ಲಿಂದ ಅನಾಹುತ ಶುರು. ಮರ್ಲ್‌ನ ಕಣ್ಣಿಗೆ ದಿನವೂ ಬೀಳುತ್ತಿದ್ದುದು ಅವನ ಅಂಗಳದ ಹುಲ್ಲು. ಅಕ್ಟೋಬರಿನಲ್ಲಿ ಹುಲ್ಲು ಕತ್ತರಿಸುವ ಗಾಡಿ ಹತ್ತಿ, ಎಲೆ ಬಾಚುವ ನೆಪದಲ್ಲಿ ಅವನು ದಿನಕ್ಕೆರಡು ತಾಸು ಆಚೆಯಿಂದೀಚೆ ಸುತ್ತುತ್ತಿದ್ದ. ಗ್ಯಾರೇಜಿನಲ್ಲಿ ಹಳೆಯ ಚುನಾವಣೆಗಳ ತಂತಿಕಾಲಿನ ಬೋರ್ಡುಗಳು ರಾಶಿ ಬಿದ್ದಿದ್ದವು. ಸೋತವರದು, ಗೆದ್ದವರದು, ಜೈಲಿಗೆ ಹೋದವರದು, ಯಾವುದನ್ನೂ ಅವನು ಎಸೆದವನಲ್ಲ. ನಾಲ್ಕಕ್ಕೆ ನೀಲಿ ಬಣ್ಣ ಬಳಿದು, ಒಂದು ಬದಿಗೆ ಲ್ಯಾಟಿನ್, ಹಿಂಬದಿಗೆ ಅರ್ಥ ಬರೆದು, ಹುಲ್ಲಿನಲ್ಲಿ ಸಾಲಾಗಿ ಚುಚ್ಚಿದ. ಹೋಗುವಾಗ ಲ್ಯಾಟಿನ್ ಓದಿ ಅರ್ಥ ನೆನೆಸಿಕೊಳ್ಳುವುದು, ತಿರುಗಿ ಬರುವಾಗ ಸರಿಯೋ ತಪ್ಪೋ ನೋಡುವುದು. ಲ್ಯಾಟಿನ್ ಬದಿ ರಸ್ತೆಗೆ ಮುಖ ಮಾಡಿತ್ತು. ಅರ್ಥದ ಬದಿ ಮನೆಗೆ ಮುಖ ಮಾಡಿತ್ತು. ಇದು ನೆನಪಿರಲಿ.

ಕಾಪರ್ ಹಾಲೋದಲ್ಲಿ ಅಕ್ಟೋಬರ್ ತಿಂಗಳಲ್ಲಿ ಹುಲ್ಲಿನ ಮೇಲೆ ಬೋರ್ಡು ಎದ್ದಿತೆಂದರೆ ಅದಕ್ಕೆ ಒಂದೇ ಅರ್ಥ. ಯಾರೋ ಏನಕ್ಕೋ ನಿಂತಿದ್ದಾರೆ.

ಮೂರನೆಯ ದಿನ ಮರ್ಲ್ ಟ್ರೂಡಿಯ ಹೋಟೆಲಿಗೆ ಹೋಗಿ ಮೊಟ್ಟೆ ಹೇಳಿ ಕೂತಾಗ ಹಿಂದಿನ ಮೇಜಿನಲ್ಲಿ ಮಾತು ನಡೆದಿತ್ತು.

"ಗಸ್‌ಗೆ ಎದುರಾಳಿ ಬಂದಿದಾನಂತೆ. ವಿಕೀನುಸ್."

"ಯಾವ ಕಡೆಯವನು?"

"ಲಿಥುವೇನಿಯಾದವರು ಅವರು. ಆ ಗಣಿ ರಸ್ತೆ ಕಡೆ ಇದ್ರು," ಎಂದ ಇನ್ನೊಬ್ಬ, ಯಾವ ಅನುಮಾನವೂ ಇಲ್ಲದೆ.

ಕಾಪರ್ ಹಾಲೋದ ಜನ ಬೇರೆ ಏನನ್ನು ಬೇಕಾದರೂ ಒಪ್ಪಿಕೊಂಡಾರು, ಒಂದು ಮನೆತನ ತಮಗೆ ಗೊತ್ತಿಲ್ಲವೆಂದು ಮಾತ್ರ ಒಪ್ಪುವುದಿಲ್ಲ. ಕಾಫಿ ಹುಯ್ಯುತ್ತಿದ್ದ ಟ್ರೂಡಿ ಕೂಡ ನಿಂತಳು. "ಗೊತ್ತಿಲ್ದೆ ಏನು, ಅವರಪ್ಪ ನಮ್ಮನೆ ಸೂರು ರಿಪೇರಿ ಮಾಡಿದ್ದ. ಒಂದು ಮಾತೂ ಆಡ್ತಿರಲಿಲ್ಲ ಪುಣ್ಯಾತ್ಮ. ಮಗನೂ ಹಾಗೇ ಇರಬೇಕು, ನೋಡು, ಒಂದು ಮನೆಗೂ ವೋಟು ಕೇಳಕ್ಕೆ ಬಂದಿಲ್ಲ."

"ಅದೇ ನನಗೆ ಹಿಡಿಸಿದ್ದು," ಎಂದ ಮೊದಲನೆಯವನು. "ಗಸ್ ನಮ್ಮನೆಗೆ ಮೂರು ಸಲ ಬಂದು ಕಾಯಿ ಲೆಕ್ಕ ಹೇಳಿದ."

ಮರ್ಲ್‌ನ ಪಿತ್ತ ನೆತ್ತಿಗೇರಿತು. ಇಷ್ಟು ದಡ್ಡರ ನಡುವೆ ಅರವತ್ತೇಳು ವರ್ಷ ಬದುಕಿದೆನಲ್ಲ ಎಂದು ಎದ್ದು ನಿಂತು, ಅದೊಂದು ಪದ ಕಣ್ರೋ ಎನ್ನಲು ಬಾಯಿ ತೆರೆದ. ತೆರೆದ ಬಾಯಿಯಲ್ಲೇ ಲೆಕ್ಕ ಹಾಕಿದ. ಪದ ಎಂದರೆ ಯಾವ ಭಾಷೆಯ ಪದ ಎನ್ನುತ್ತಾರೆ. ಭಾಷೆ ಹೇಳಿದರೆ ಎಲ್ಲಿ ಕಲಿತೆ ಎನ್ನುತ್ತಾರೆ. ಬೌಲಿಂಗಿನ ಸುಳ್ಳು ಬಯಲಾಗುತ್ತದೆ, ಬೀಗರಿಗೆ ಸುದ್ದಿ ಮುಟ್ಟುತ್ತದೆ, ಥ್ಯಾಂಕ್ಸ್‌ಗಿವಿಂಗ್ ಹಾಳಾಗುತ್ತದೆ.

"ಮೊಟ್ಟೆಗೆ ಉಪ್ಪು ಕಮ್ಮಿ," ಎಂದು ಗುಡುಗಿ ಕೂತ.

ಮಾರನೆಯ ಬೆಳಿಗ್ಗೆ ಟೌನ್‌ಶಿಪ್ಪಿನ ಡಾರ್ಲೀನ್ ಹಪ್ ಟೇಪು ಹಿಡಿದು ಬಂದಳು. ಯಾರ ಬೇಲಿ ಎಷ್ಟು ಎತ್ತರ, ಯಾರ ಕೋಳಿಗೂಡು ರಸ್ತೆಯಿಂದ ಎಷ್ಟು ದೂರ ಎಂದು ಅಳೆಯುವ ಅಧಿಕಾರ ಅವಳದು. ಅಧಿಕಾರಕ್ಕಿಂತ ಟೇಪು ಉದ್ದವಿತ್ತು. ಎರಡು ಬೋರ್ಡುಗಳನ್ನು ರಸ್ತೆ ಬದಿಯಿಂದಲೇ ಅಳೆದು, ಕಾಲಂಗಳಿರುವ ಒಂದು ಹಾಳೆ ತೆಗೆದಳು.

"ಸ್ಟಾಡರ್ಡ್ ಅವರೇ, ಅಭ್ಯರ್ಥಿ ಪೂರ್ತಿ ಹೆಸರು?"

"ಅದು ಅಭ್ಯರ್ಥಿ ಅಲ್ಲ."

"ಎಲ್ಲರೂ ಹಾಗೇ ಅಂತಾರೆ. ಮತ್ತೇನು?"

"ಅದು... ಒಂದು ಬೋರ್ಡು."

"ನನ್ನ ಹಾಳೇಲಿ ಎರಡೇ ತರಹ ಬೋರ್ಡು ಇರೋದು," ಎಂದಳು ಡಾರ್ಲೀನ್. "ಚುನಾವಣೆದು, ಜಾಹೀರಾತಿಂದು. ಚುನಾವಣೆದು ಮತದಾನ ಆದ ಒಂದು ತಿಂಗಳ ತನಕ ಇರಬಹುದು. ಜಾಹೀರಾತಾದ್ರೆ ಇವತ್ತು ಮಧ್ಯಾಹ್ನದೊಳಗೆ ಕೀಳಬೇಕು. ಪಕ್ಕದ ಮನೆಯವರು ದೂರು ಕೊಟ್ಟಿದಾರೆ."

ಗಸ್ ದೂರು ಕೊಟ್ಟಿದ್ದಾನೆಂದು ಕೇಳಿದ್ದೇ ತಡ, ಮರ್ಲ್ ಅವಳ ಕೈಯಿಂದ ಪೆನ್ನು ಕಿತ್ತುಕೊಂಡು ಚುನಾವಣೆ ಎಂಬ ಚೌಕದೊಳಗೆ ಹಾಳೆ ಹರಿಯುವಷ್ಟು ಒತ್ತಿ ಗುರುತು ಹಾಕಿದ. "ಹಾಕಿಸಿದವರು" ಎಂಬಲ್ಲಿ ತನ್ನ ಹೆಸರು ಬರೆದು ಸಹಿ ಮಾಡಿದ. ಡಾರ್ಲೀನ್ ನಕಲು ಹರಿದು ಕೊಟ್ಟಳು. ಹೀಗೆ ವಿಕೀನುಸ್ ಎಂಬ ನಾಮಪದ ಸರ್ಕಾರಿ ಕಾಗದದ ಪ್ರಕಾರ ಚುನಾವಣೆಗೆ ಇಳಿಯಿತು.

ಆದರೆ ಒಳಗೆ ಇನ್ನೊಂದು ಅವಾಂತರ ಬೇಯುತ್ತಿತ್ತು. ಲೊರೆಟಾ ದಿನವೂ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದುದು ಬೋರ್ಡುಗಳ ಹಿಂಬದಿಯನ್ನು. ಮುಂಬದಿಯ ಹೆಸರು ಯಾವನೋ ಅಭ್ಯರ್ಥಿಯದು, ಗಂಡ ಎಂದಿನಂತೆ ಹಳೇ ಬೋರ್ಡನ್ನೇ ಬಳಸಿದ್ದಾನೆ ಎಂದುಕೊಂಡಿದ್ದಳು. ಹಿಂಬದಿಯಲ್ಲಿ ಗಂಡನ ಕೈಬರಹದಲ್ಲಿ ನೆರೆಯವನು ಒಳ್ಳೆಯವನು ಎಂದಿತ್ತು. ನಲವತ್ತೊಂದು ವರ್ಷದ ದಾಂಪತ್ಯದಲ್ಲಿ ಮರ್ಲ್ ಒಬ್ಬರನ್ನು ಒಳ್ಳೆಯವರೆಂದು ಬರವಣಿಗೆಯಲ್ಲಿ ಒಪ್ಪಿದ್ದು ಅವಳು ಕಂಡಿರಲಿಲ್ಲ. ಪಾತ್ರೆ ತೊಳೆಯುತ್ತ ಅವಳ ಕಣ್ಣು ಒದ್ದೆಯಾಯಿತು. ಬಾಯಲ್ಲಿ ಹೇಳಲಾರದೆ ಬೋರ್ಡಿನಲ್ಲಿ ಬರೆದು ಗಸ್‌ನ ಕ್ಷಮೆ ಕೇಳುತ್ತಿದ್ದಾನೆ, ಆದರೆ ದಡ್ಡನ ಹಾಗೆ ಉಲ್ಟಾ ಚುಚ್ಚಿದ್ದಾನೆ ಎಂದು ತೀರ್ಮಾನಿಸಿ, ಕುಂಬಳಕಾಯಿ ರೋಲ್ ಕೇಕು ಮಾಡಿ, ಸೆರಗಿಲ್ಲದ ಊರಾದ್ದರಿಂದ ಏಪ್ರನ್ನಿನಲ್ಲೇ ಕಣ್ಣೊರೆಸಿಕೊಂಡು, ಗಸ್‌ನ ಬಾಗಿಲಿಗೆ ಕೊಟ್ಟು ಬಂದಳು. ಚರ್ಚಿನಲ್ಲಿ ಹೆಂಗಸರು ಬೋರ್ಡಿನ ಬಗ್ಗೆ ಕೇಳಿದಾಗ, "ಯಾರೋ ನಿಂತಿದಾರಲ್ಲ, ಅವರದು," ಎಂದು ಹೇಳಿ ಉಳಿದಿದ್ದ ಅನುಮಾನವನ್ನೂ ತೊಳೆದುಬಿಟ್ಟಳು.

ಸಾಯಂಕಾಲ ಮರ್ಲ್ ಫ್ರಿಜ್ಜು ತೆರೆದು ನಿಂತ. "ನನ್ನ ಕುಂಬಳಕಾಯಿ ರೋಲು ಎಲ್ಲಿ?"

"ಗಸ್‌ಗೆ ಕೊಟ್ಟೆ."

ಮರ್ಲ್ ಫ್ರಿಜ್ಜಿನ ಬಾಗಿಲನ್ನು ಧಡ್ ಎಂದು ಹಾಕಿದ. ಅವನ ಕಿವಿಗಳು ಕೆಂಪಾದವು.

"ನಿನ್ನ ಮನಸ್ಸು ನನಗೆ ಗೊತ್ತಾಯ್ತು ಬಿಡು," ಎಂದು ಲೊರೆಟಾ ಅವನ ಬೆನ್ನು ಸವರಿದಳು. ಏನು ಗೊತ್ತಾಯಿತೆಂದು ಕೇಳುವಷ್ಟರಲ್ಲಿ ಹೊರಗೆ ಬೇಲಿಯ ಬಳಿ ಗಸ್‌ನ ಗಂಟಲು ಕೇಳಿಸಿತು.

"ಲೇ ಮರ್ಲ್, ಬಾರೋ ಹೊರಗೆ. ಹೆಂಡತಿ ಕೈಲಿ ಕೇಕು ಕಳಿಸ್ತೀಯಾ, ಹಿಂದುಗಡೆ ಎದುರಾಳಿ ನಿಲ್ಲಿಸ್ತೀಯಾ? ಯಾರೋ ಅವನು ವಿಕೀನುಸ್? ಗಂಡಸಾದ್ರೆ ಕರಿ ಇಲ್ಲಿಗೆ."

"ನೀನೇ ತಿಳ್ಕೋ," ಎಂದ ಮರ್ಲ್. "ಕೇಕು ವಾಪಸು ಕೊಡು."

"ತಿಂದಾಯ್ತು. ಕೇಕಲ್ಲಿ ಏನಿತ್ತು ಅಂತ ಗೊತ್ತಿಲ್ಲದೆ ನಾಯಿಗೆ ಒಂದು ತುಂಡು ಹಾಕಿ ನೋಡಿದೆ. ನಾಯಿ ಚೆನ್ನಾಗಿದೆ, ಆಮೇಲೆ ನಾನು ತಿಂದೆ."

"ನನ್ನ ಕೇಕು ನಾಯಿಗೆ ಹಾಕಿದ್ಯಾ?"

"ನಾಯಿಗೆ ಮೊದಲನೇ ತುಂಡು. ನನಗೆ ಎರಡನೇದು. ನಿನಗೆ ಮರದ ಬೊಡ್ಡೆ," ಎಂದು ಗಸ್ ಕೈ ಎತ್ತಿ ಮರ ತೋರಿಸಿದ. "ವಿಕೀನುಸ್ ಇರಲಿ, ಅವರಪ್ಪ ಬರಲಿ, ಕ್ರಿಸ್‌ಮಸ್ಸಿಗೆ ಅದು ಸೌದೆ."

ಮರ್ಲ್‌ನ ಮೈ ಉರಿದುಹೋಯಿತು. ಅದರ ಜೊತೆಗೆ ಹೆದರಿಕೆಯೂ ಆಯಿತು, ಅದನ್ನು ಅವನು ಕೋಪವೆಂದೇ ಲೆಕ್ಕ ಹಾಕಿದ. ಅವತ್ತು ಮರದ ಕೆಳಗೆ ನಿಂತು ಮೊದಲ ಸಲ ಸರಿಯಾಗಿ ಯೋಚಿಸಿದ. ಪೆನ್ಸಿಲ್ವೇನಿಯಾದಲ್ಲಿ ಮತಪತ್ರದ ಮೇಲೆ ಹೆಸರಿಲ್ಲದವರ ಹೆಸರನ್ನೂ ಕೈಯಲ್ಲಿ ಬರೆದು ವೋಟು ಹಾಕಬಹುದು. ಊರವರು ವಿಕೀನುಸ್ ಎಂದು ಬರೆದರೆ ಗಸ್ ಸೋಲುತ್ತಾನೆ. ಗಸ್ ಸೋತರೆ ಮರ ಉಳಿಯುತ್ತದೆ. ತಾನು ಮಾಡಬೇಕಾದದ್ದು ಒಂದೇ, ಚುನಾವಣೆಯ ತನಕ ಬಾಯಿ ಮುಚ್ಚಿಕೊಂಡಿರುವುದು. ಲ್ಯಾಟಿನ್ ಕಲಿಯುವುದೇ ಇದಕ್ಕಿಂತ ಸುಲಭವಿತ್ತು. ಎಂಟು ದಿನ ಅವನು ಯಾರನ್ನೂ ಬೈಯಲಿಲ್ಲ. ಟಪಾಲಿನವನು ಹೆದರಿ, ಆರೋಗ್ಯ ಹೇಗಿದೆ ಎಂದು ಲೊರೆಟಾಳನ್ನು ವಿಚಾರಿಸಿದ.

ಆ ಎಂಟು ದಿನಗಳಲ್ಲಿ ವಿಕೀನುಸ್ ಬೆಳೆದ ರೀತಿ ನೋಡಬೇಕಿತ್ತು. ಅವನಿಗೆ ಮೂರು ಮಕ್ಕಳು ಹುಟ್ಟಿದರು. ಅವನು ಸೈನ್ಯದಲ್ಲಿದ್ದು ಬಂದ. ಹಿಮ ಬಿದ್ದಾಗ ಅದನ್ನು ಕರಗಿಸಲು ಹಿಂದಿನ ಬೀದಿಗಳಿಗೇ ಮೊದಲು ಉಪ್ಪು ಹಾಕಿಸುತ್ತೇನೆಂದು ಯಾರಿಗೋ ಮಾತು ಕೊಟ್ಟ. ಒಬ್ಬ ಮುದುಕಿ ಅವನನ್ನು ಪೇಟೆಯಲ್ಲಿ ನೋಡಿದಳು, ತೆಳ್ಳಗಾಗಿದ್ದನಂತೆ. ಗಸ್ ಬೋರ್ಡು ನಿಲ್ಲಿಸಿ, ಕರಪತ್ರ ಹಂಚಿ, ತನ್ನ ಟ್ರಕ್ಕಿನ ಮೇಲೆ ಕಾಯಿ ಬಿದ್ದು ಆದ ಗುಳಿಗಳನ್ನು ಜನರಿಗೆ ಮುಟ್ಟಿಸಿ ತೋರಿಸಿದಷ್ಟೂ, ಒಂದು ಮಾತೂ ಆಡದ ವಿಕೀನುಸ್ ಊರಿಗೆ ಇಷ್ಟವಾಗುತ್ತ ಹೋದ.

ಮತದಾನದ ದಿನ ಅಗ್ನಿಶಾಮಕದವರ ಹಾಲ್‌ನಲ್ಲಿ ಚರ್ಚಿನ ಹೆಂಗಸರು ಪಿರೋಗಿ ಎಂಬ ಆಲೂಗಡ್ಡೆ ಕಡುಬು ಮಾರುತ್ತಿದ್ದರು. ಮರ್ಲ್ ಒಂದು ತಟ್ಟೆ ಪಿರೋಗಿ ತಿಂದು, ಪರದೆಯ ಹಿಂದೆ ಹೋಗಿ, ತನ್ನ ನಾಮಪದವನ್ನು ತಪ್ಪಿಲ್ಲದೆ ಬರೆದು ಬಂದ. ಸಂಜೆ ಎಣಿಕೆಯಾಯಿತು. ಗಸ್ ಪವೆಲ್ಕ ಇನ್ನೂರ ಹನ್ನೊಂದು. ವಿಕೀನುಸ್ ಇನ್ನೂರ ಅರವತ್ತನಾಲ್ಕು.

ಮರ್ಲ್ ಎರಡು ವಾರ ಗೆದ್ದವನಂತೆ ತಿರುಗಿದ. ಮತ್ತೆ ಬೈಯತೊಡಗಿದ, ಟಪಾಲಿನವನಿಗೆ ಜೀವ ಬಂತು. ಅಷ್ಟರಲ್ಲಿ ಕೌಂಟಿಯ ಚುನಾವಣಾಧಿಕಾರಿಗೆ ಒಂದು ತೊಡಕು ಎದುರಾಯಿತು. ಗೆದ್ದವನಿಗೆ ಕಳಿಸಬೇಕಾದ ಪತ್ರಕ್ಕೆ ವಿಳಾಸ ಸಿಗಲಿಲ್ಲ. ಒಂದು ಶನಿವಾರ ಬೆಳಿಗ್ಗೆ ಅದೇ ಹಾಲ್‌ನಲ್ಲಿ ವಿಚಾರಣೆ ಕರೆದರು. ಊರೆಲ್ಲ ಬಂದು ಕೂತಿತು.

ಅಧಿಕಾರಿ ಬಾಯಿಗೆ ಗಂಟಲ ಮಿಠಾಯಿ ಹಾಕಿಕೊಂಡು ಚೀಪುವ ಮನುಷ್ಯ. ಅದನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿ ಹೇಳಿದರು, "ವಿಕೀನುಸ್ ಎಂಬವರು ಎದ್ದು ನಿಲ್ಲಬೇಕು."

ಯಾರೂ ಏಳಲಿಲ್ಲ. ಜನ ಪಕ್ಕದವರ ಕುರ್ಚಿ ನೋಡಿದರು.

"ಅವರನ್ನು ಬಲ್ಲವರು?"

ಸೂರು ರಿಪೇರಿಯ ಕಥೆ ಹೇಳಿದ್ದ ಟ್ರೂಡಿ ಬೂಟಿನ ದಾರ ಕಟ್ಟಲು ಬಗ್ಗಿದಳು. ಪೇಟೆಯಲ್ಲಿ ನೋಡಿದ್ದ ಮುದುಕಿ ನಿದ್ದೆ ಹೋದಳು. ಕೊನೆಗೆ ಡಾರ್ಲೀನ್ ಮರ್ಲ್‌ನ ಸಹಿ ಇದ್ದ ಹಾಳೆಯನ್ನೂ ಸಾಕ್ಷಿಗೆಂದು ಕಿತ್ತು ತಂದಿದ್ದ ನಾಲ್ಕು ಬೋರ್ಡುಗಳನ್ನೂ ಮೇಜಿನ ಮೇಲಿಟ್ಟಳು. ಅಧಿಕಾರಿ ಒಂದನ್ನು ತಿರುಗಿಸಿ ನೋಡಿದರು. ಇನ್ನೊಂದನ್ನೂ ತಿರುಗಿಸಿದರು. ಮಿಠಾಯಿ ನಿಂತಿತು.

"ಏನಿದು ಸ್ಟಾಡರ್ಡ್ ಅವರೇ?"

ಮರ್ಲ್ ಎದ್ದ. ಮುನ್ನೂರು ಮುಖಗಳು ಅವನ ಮೇಲೆ. "ಪಾಠ," ಎಂದ.

"ಗಟ್ಟಿಯಾಗಿ ಹೇಳಿ."

"ಪಾಠ ಸ್ವಾಮಿ, ಪಾಠ. ಲ್ಯಾಟಿನ್ ಕಲೀತಿದೀನಿ. ವಿಕೀನುಸ್ ಅಂದ್ರೆ ಪಕ್ಕದ ಮನೆಯವನು. ಬಾಯಿಪಾಠ ಆಗಲಿ ಅಂತ ಬರೆದಿಟ್ಕೊಂಡೆ. ನಾನು ಯಾರನ್ನೂ ನಿಲ್ಲಿಸಿಲ್ಲ, ನೀವೆಲ್ಲ ಓಡಿ ಹೋಗಿ ವೋಟು ಹಾಕಿದ್ರೆ ಅದು ನನ್ನ ತಪ್ಪಾ?"

ಮುಂದಿನ ಸಾಲಿನಿಂದ ಲೊರೆಟಾಳ ಸ್ವರ ಸಣ್ಣಗೆ ಬಂತು. "ಬೌಲಿಂಗ್ ಅಂದಿದ್ಯಲ್ಲ."

ಆಮೇಲೆ ನಗು ಶುರುವಾಯಿತು. ಹಿಂದಿನ ಸಾಲಿನಲ್ಲಿ ಹುಟ್ಟಿ ಮುಂದಕ್ಕೆ ಉರುಳಿ ಬಂತು. ಅವತ್ತು ಮದುವೆಯಲ್ಲಿ ಒಂಟಿಯಾಗಿ ನಕ್ಕವನು ಇವತ್ತು ಒಂಟಿಯಾಗಿ ನಗದೆ ನಿಂತಿದ್ದ. ಅವಮಾನದಿಂದ ಅವನ ಕಣ್ಣಿಗೆ ಕತ್ತಲೆ ಕವಿಯಿತು. ಎಲ್ಲ ಹೋಯಿತು, ಗುಟ್ಟೂ ಹೋಯಿತು, ಮರವೂ ಹೋಯಿತು.

ಅಧಿಕಾರಿ ಮೇಜು ಕುಟ್ಟಿದರು. "ಒಂದು ಪದಕ್ಕೆ ಬಿದ್ದ ವೋಟು ಊರ್ಜಿತವಲ್ಲ. ಆ ಇನ್ನೂರ ಅರವತ್ತನಾಲ್ಕನ್ನು ತೆಗೆದುಹಾಕಿದ್ದೇನೆ. ಇನ್ನೂರ ಹನ್ನೊಂದು ವೋಟಿನಿಂದ ಪವೆಲ್ಕ ಅವರು ಗೆದ್ದಿದ್ದಾರೆ."

ಗಸ್ ಇಲ್ಲಿಗೆ ಟೋಪಿ ಹಾಕಿಕೊಂಡು ಮನೆಗೆ ಹೋಗಬಹುದಿತ್ತು. ಬುದ್ಧಿಯಿದ್ದವನು ಹೋಗುತ್ತಿದ್ದ. ಆದರೆ ಅವನ ಕುತ್ತಿಗೆ ಮರ್ಲ್‌ನ ಕಿವಿಗಿಂತ ಕೆಂಪಾಗಿತ್ತು. "ಒಂದು ನಿಮಿಷ," ಎಂದ. "ಅಂದ್ರೆ ನಮ್ಮೂರವರು ಒಂದು ಪದಕ್ಕೆ ನನಗಿಂತ ಐವತ್ಮೂರು ವೋಟು ಜಾಸ್ತಿ ಹಾಕಿದಾರೆ ಅಂತಾನಾ?"

"ಪದ ಬೇಲಿ ಹತ್ರ ನಿಂತು ಕಿರುಚಲ್ಲ ಗಸ್," ಎಂದಿತು ಹಿಂದಿನಿಂದ ಒಂದು ಧ್ವನಿ.

ಈ ಸಲ ಊರು ನಕ್ಕಿದ್ದು ಗಸ್‌ನನ್ನು ನೋಡಿ. ಅವನು ಸುತ್ತ ನೋಡಿದ. ಮೂವತ್ತು ವರ್ಷ ಒಟ್ಟಿಗೆ ಮೀನೂಟ ಉಂಡ ಮುಖಗಳು. ಇನ್ನು ಸಾಯುವ ತನಕ ತಾನು ನಾಮಪದಕ್ಕೆ ಸೋತವನು. ಬೋರ್ಡುಗಳ ಹತ್ತಿರ ನಡೆದು ಹೋಗಿ ಹಿಂಬದಿಯ ಅಕ್ಷರವನ್ನು ಬೆರಳಿಟ್ಟು ಓದಿದ.

"ನೆರೆಯವನು. ಯಾರ ನೆರೆಯವನು? ಬೋರ್ಡು ಇದ್ದಿದ್ದು ಇವನ ಮನೆ ಮುಂದೆ. ಇವನ ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಸ್ಮಶಾನ. ಸ್ಮಶಾನದವರು ಚುನಾವಣೆಗೆ ನಿಲ್ಲಲ್ಲ. ಅಂದ್ಮೇಲೆ ವೋಟೆಲ್ಲ ನನ್ನವೇ. ಒಟ್ಟು ನಾನೂರ ಎಪ್ಪತ್ತೈದು ಅಂತ ಬರೀರಿ."

"ಅವಿಲ್ಲದೆಯೂ ನೀವು ಗೆದ್ದಿದ್ದೀರಿ," ಎಂದರು ಅಧಿಕಾರಿ.

"ನನಗೆ ಅವು ಬೇಕು."

ಅಧಿಕಾರಿ ಮಿಠಾಯಿಯನ್ನು ಕಡಿದರು. "ಹಾಗಾದರೆ ಬರೆದವರು ಪ್ರಮಾಣ ಮಾಡಿ ಹೇಳಬೇಕು. ಸ್ಟಾಡರ್ಡ್ ಅವರೇ, ಈ ನಾಲ್ಕು ವಾಕ್ಯ ಯಾರ ಬಗ್ಗೆ?"

ಮರ್ಲ್‌ನ ಎದೆ ಅರಳಿತು. ಹನ್ನೊಂದು ವರ್ಷದ ಸೇಡು ಅವನ ನಾಲಗೆಯ ತುದಿಗೆ ಬಂದು ಕೂತಿತ್ತು. ಯಾರ ಬಗ್ಗೆಯೂ ಅಲ್ಲ ಎಂದರೆ ಸಾಕು. ಗಸ್ ಇನ್ನೂರ ಹನ್ನೊಂದು ಹೊತ್ತುಕೊಂಡು ಮುಖ ಮುಚ್ಚಿಕೊಂಡು ಮನೆಗೆ ಹೋಗುತ್ತಾನೆ. ಅದರಷ್ಟು ಸಿಹಿ ಕುಂಬಳಕಾಯಿ ರೋಲೂ ಇಲ್ಲ. ಹೇಳಲು ಬಾಯಿ ತೆರೆದ.

"ನಾಲ್ಕೂ ಓದ್ಕೊಂಡು ಹೇಳು ಮರ್ಲ್," ಎಂದಳು ಲೊರೆಟಾ.

ಅವನು ರೇಗಿ ಅವಳತ್ತ ತಿರುಗಿದ, ಆಮೇಲೆ ಬೋರ್ಡಿನತ್ತ ತಿರುಗಿದ. ಎರಡನೆಯದನ್ನು ಓದಿದ. ಕಾಫಿ ಡಬ್ಬ ಹಿಡಿದ ತಾಯಿಯ ಕೈ ನೆನಪಾಯಿತು. ಮರ ಉಳಿಯುವುದಕ್ಕೆ ಇಡೀ ಪ್ರಪಂಚದಲ್ಲಿ ಒಂದೇ ದಾರಿ ಉಳಿದಿತ್ತು, ಆ ದಾರಿ ಅವನ ಬಾಯಿಯೊಳಗಿಂದಲೇ ಹಾದುಹೋಗಬೇಕಿತ್ತು. ಮರ್ಲ್ ಸ್ಟಾಡರ್ಡ್ ತನ್ನ ಜೀವಮಾನದಲ್ಲಿ ಬಸ್ಸಿನ ಎಂಜಿನ್ನುಗಳನ್ನು ಒಂಟಿಯಾಗಿ ಎತ್ತಿದವನು. ಈ ಮಾತು ಅದಕ್ಕಿಂತ ಭಾರವಿತ್ತು.

"ಅವನ ಬಗ್ಗೆನೇ," ಎಂದ.

"ಸ್ಪಷ್ಟವಾಗಿ ಹೇಳಬೇಕು. ದಾಖಲೆಗೆ ಹೋಗುತ್ತದೆ."

"ನೆರೆಯವನು," ಎಂದ ಮರ್ಲ್. ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡ. "ನೆರೆಯವನು... ಒಳ್ಳೆಯವನು. ಗಸ್ ಪವೆಲ್ಕ ಒಳ್ಳೆಯವನು. ಬರ್ಕೊಂಡ್ರಾ? ಎರಡನೇ ಸಲ ಹೇಳಲ್ಲ."

ಗಸ್ ಬಾಯಿ ಬಿಟ್ಟು ನೋಡುತ್ತಿದ್ದ. ಹನ್ನೊಂದು ವರ್ಷದಲ್ಲಿ ಅವನಿಗೆ ಈ ಪೆಟ್ಟು ಬಿದ್ದಿರಲಿಲ್ಲ.

ಅಧಿಕಾರಿ ಕ್ರಮದ ಮನುಷ್ಯ. "ವೋಟು ಬಿದ್ದದ್ದು ಈ ವಾಕ್ಯಗಳನ್ನು ನೋಡಿ. ವೋಟು ತೆಗೆದುಕೊಳ್ಳುವವರು ವಾಕ್ಯಗಳನ್ನೂ ತೆಗೆದುಕೊಳ್ಳಬೇಕು. ಒಂದೊಂದಾಗಿ ಓದುತ್ತೇನೆ. ಪವೆಲ್ಕ ಅವರೇ, ನೆರೆಯವನು ಒಳ್ಳೆಯವನು. ಒಪ್ಪಿಗೆಯೇ?"

"ಒಪ್ಪಿಗೆ," ಎಂದ ಗಸ್, ಎದೆಯುಬ್ಬಿಸಿ.

"ನೆರೆಯವನು ಮರವನ್ನು ಪ್ರೀತಿಸುತ್ತಾನೆ."

ಗಸ್‌ನ ಎದೆ ಇಳಿಯಿತು. "ಯಾವ ಮರ?"

"ಅಲ್ಲಿ ಇರೋದು ಒಂದೇ ಮರ ಗಸ್," ಎಂದಳು ಟ್ರೂಡಿ. ಅಷ್ಟು ಹೊತ್ತಿಗೆ ಅವಳ ಬೂಟಿನ ದಾರ ಕಟ್ಟಿಯಾಗಿತ್ತು.

ಗಸ್ ಬಾಗಿಲ ಕಡೆ ನೋಡಿದ, ಜನರ ಕಡೆ ನೋಡಿದ. ಒಂದು ಕಡೆ ಮರ, ಇನ್ನೊಂದು ಕಡೆ ಐವತ್ಮೂರು ವೋಟಿನ ಅವಮಾನ. "ಒಪ್ಪಿಗೆ," ಎಂದ, ಯಾರಿಗೂ ಕೇಳದ ಹಾಗೆ. ಮತ್ತೊಮ್ಮೆ ಕೇಳುವ ಹಾಗೆ ಹೇಳಿಸಿದರು. ಕಾಯಿ ಆರಿಸುವುದಕ್ಕೂ ಒಪ್ಪಿದ. ಕಿರುಚುವುದಿಲ್ಲ ಎಂಬುದಕ್ಕೆ ಕಿರುಚಿಯೇ ಒಪ್ಪಿದ. ನಾಲ್ಕರ ಕೆಳಗೂ ಸಹಿ ಮಾಡಿ, ನಾನೂರ ಎಪ್ಪತ್ತೈದು ವೋಟಿನ ಸರದಾರನಾಗಿ, ಯಾರ ಮುಖವನ್ನೂ ನೋಡದೆ ಹೊರಟುಹೋದ. ಸೋಮವಾರ ಡಾರ್ಲೀನಳ ಕಚೇರಿಗೆ ಹೋಗಿ, ಚರಂಡಿ ರಸ್ತೆಯ ಆಚೆ ಬದಿಗೇ ಚೆನ್ನ ಎಂದು ಬರೆದುಕೊಟ್ಟನಂತೆ. ಡಾರ್ಲೀನ್ ಬೋರ್ಡುಗಳನ್ನು ವಾಪಸು ತಂದು, ಈ ಸಲ ಗಸ್‌ನ ಮನೆಯತ್ತ ಅರ್ಥದ ಬದಿ ಬರುವ ಹಾಗೆ ತಾನೇ ಚುಚ್ಚಿ, ನೆಟ್ಟಗಿದೆಯೇ ಎಂದು ಅಳೆದು ಹೋದಳು.

ಥ್ಯಾಂಕ್ಸ್‌ಗಿವಿಂಗ್ ದಿನ ಬೀಗರು ಬಂದರು. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತ ಮೇಲೆ ಡಾಕ್ಟರ್ ವಿಟೇಕರ್ ಗ್ಲಾಸು ಎತ್ತಿ, ಮದುವೆಯಲ್ಲಿ ಹೇಳಿದ ಅದೇ ಸಾಲನ್ನು ಮತ್ತೆ ಹೇಳಿದರು. ಅವರ ಕಡೆಯವರು ನಕ್ಕರು. ಮರ್ಲ್ ನಗಲಿಲ್ಲ. ಕುರ್ಚಿ ಹಿಂದೆ ತಳ್ಳಿ ಎದ್ದು, ಗ್ಲಾಸು ಎತ್ತಿ, ಆರು ತಿಂಗಳ ಸಿಟ್ಟನ್ನೆಲ್ಲ ಸೇರಿಸಿ ಹೇಳಿದ.

"ವಿಕೀನುಸ್ ನುಕೇಸ್ ಕೊಲ್ಲಿಗಿತ್."

ಡಾಕ್ಟರ ನಗು ಹಾಗೇ ಉಳಿಯಿತು. "ಬಹಳ ಚೆನ್ನಾಗಿದೆ," ಎಂದು ಟರ್ಕಿಯ ಕಡೆ ಬಗ್ಗಿದರು.

"ಹಾಗಂದ್ರೆ ಏನು?" ಎಂದು ಅವರ ಹೆಂಡತಿ ಕೇಳಿದಳು.

"ಅದು... ಬಿಡಿಸಿ ಹೇಳೋದು ಕಷ್ಟ. ಬಹಳ ಆಳವಾದ ಮಾತು."

ಡಾಕ್ಟರಿಗೆ ಬರುತ್ತಿದ್ದುದು ಆ ಒಂದೇ ಸಾಲು. ಮರ್ಲ್‌ಗೆ ಬರುತ್ತಿದ್ದುದು ನಾಲ್ಕು. ಲೊರೆಟಾ ನಗು ತಡೆದುಕೊಂಡು ಕಿಟಕಿಯತ್ತ ಬೆರಳು ತೋರಿಸಿದಳು. ಹೊರಗೆ ಅಕ್ರೋಟಿನ ಮರದ ಕೆಳಗೆ ಗಸ್ ಪವೆಲ್ಕ ಸೊಂಟ ಹಿಡಿದುಕೊಂಡು ಬಗ್ಗಿ ಕಾಯಿಗಳನ್ನು ಆರಿಸಿ ಬಕೆಟ್ಟಿಗೆ ಹಾಕುತ್ತಿದ್ದ. ಎಲ್ಲರೂ ನೋಡುತ್ತಿದ್ದ ಹಾಗೇ ಮರದಲ್ಲಿ ಉಳಿದಿದ್ದ ಒಂದು ಕಾಯಿ ಬಂದು ಅವನ ಟೋಪಿಗೆ ಬಡಿಯಿತು. ಗಸ್ ನೆಟ್ಟಗೆ ನಿಂತು, ಮನೆಯತ್ತ ತಿರುಗಿ, ಗಂಟಲು ತುಂಬ ಉಸಿರೆಳೆದುಕೊಂಡ. ಆಮೇಲೆ ಎದುರಿಗಿದ್ದ, ನೆರೆಯವನು ಕಿರುಚುವುದಿಲ್ಲ ಎಂಬ ನಾಲ್ಕನೆಯ ಬೋರ್ಡು ಅವನ ಕಣ್ಣಿಗೆ ಬಿತ್ತು. ಉಸಿರನ್ನು ಹಾಗೇ ನುಂಗಿ, ಆ ಕಾಯಿಯನ್ನೂ ಎತ್ತಿ ಬಕೆಟ್ಟಿಗೆ ಹಾಕಿದ.

ಮರ್ಲ್‌ಗೆ ಸುಖವಾಯಿತು. ಸುಖ ಅಭ್ಯಾಸವಿಲ್ಲದ್ದರಿಂದ ಒಂದು ಥರ ಕಸಿವಿಸಿಯೂ ಆಯಿತು. ಕಣ್ಣು ಕಿರಿದು ಮಾಡಿ ಇನ್ನೊಮ್ಮೆ ನೋಡಿದ. ಮುಖದ ಬಣ್ಣ ಬದಲಾಯಿತು.

"ಆ ಬಕೆಟ್ಟು ನನ್ನದು," ಎಂದ. "ಗ್ಯಾರೇಜಿಂದ ಕೇಳದೆ ಎತ್ಕೊಂಡು ಹೋಗಿದಾನೆ ಕಳ್ಳ."

ಹೋಗಿ ಕಿಟಕಿ ಎತ್ತಿ, ತಲೆ ಹೊರಗೆ ಹಾಕಿ, ಎದೆ ತುಂಬ ಗಾಳಿ ಎಳೆದುಕೊಂಡ.

"ಮರ್ಲ್," ಎಂದಳು ಲೊರೆಟಾ ಆಲೂಗಡ್ಡೆ ಬಡಿಸುತ್ತ. "ಗಸ್‌ಗೂ ಒಬ್ಬ ನೆರೆಯವನಿದಾನೆ."

ಮರ್ಲ್ ಹೊರಗಿನ ಅದೇ ನಾಲ್ಕನೆಯ ಬೋರ್ಡನ್ನು ನೋಡಿದ. ಆಮೇಲೆ ಕಿಟಕಿ ಇಳಿಸಿ, ಬಂದು ಕೂತು, ತೆರೆದಿದ್ದ ಬಾಯಿಗೆ ಒಂದು ದೊಡ್ಡ ತುಂಡು ಟರ್ಕಿ ತುರುಕಿಕೊಂಡು, ಕಿವಿಯವರೆಗೂ ಕೆಂಪಾಗಿ, ಅಗಿಯುತ್ತ ಕೂತ.